ಅಕ್ಕಿ ಚೀಲಕ್ಕೆ ಸೀಟಿನಡಿ ಜಾಗ, ಸೈಕಲ್ಲಿಗೆ ಗೋಣಿ

ಬಳ್ಳಾರಿಯಲ್ಲಿ ಸೂರ್ಯನಿಗಿಂತ ಮೊದಲು ಎದ್ದು ಸೈಕಲ್ ತುಳಿಯುವ ಜನ ಇದ್ದಾರೆ. ತಡವಾಗಿ ಎದ್ದರೆ ಬಿಸಿಲು ಅವರನ್ನು ತುಳಿಯುತ್ತದೆ. ಕೋಟೆ ಸುತ್ತು, ಸಂಗನಕಲ್ಲು ಸುತ್ತು ಎಲ್ಲ ಹಳತಾದ ಮೇಲೆ ಗುಂಪಿನಲ್ಲಿ ಯಾರಿಗೋ ಆಸೆ ಹುಟ್ಟುತ್ತದೆ. ಸೈಕಲ್ ರೈಲಿಗೆ ಹಾಕಿ ಕೊಪ್ಪಳದಲ್ಲಿ ಇಳಿಯೋಣ, ಅಲ್ಲಿಂದ ಗಂಗಾವತಿ, ಸಾಣಾಪುರ, ಆನೆಗೊಂದಿ ನೋಡಿಕೊಂಡು ತುಳಿಯುತ್ತಾ ವಾಪಸ್ ಬರೋಣ. ನಕ್ಷೆಯಲ್ಲಿ ಚೆಂದ ಕಾಣುತ್ತದೆ. ನಕ್ಷೆಯಲ್ಲಿ ಪಾರ್ಸೆಲ್ ಆಫೀಸು ಇರುವುದಿಲ್ಲ ನೋಡಿ.

ರೈಲ್ವೆ ನಿಯಮ ಪಕ್ಕಾ ಇದೆ. ಸ್ಲೀಪರ್ ಟಿಕೆಟ್ಟಿಗೆ 40 ಕಿಲೋ ಸಾಮಾನು ಪುಕ್ಕಟೆ. ಎರಡನೇ ದರ್ಜೆ ಏಸಿಗೆ 50, ಫಸ್ಟ್ ಕ್ಲಾಸ್ ಏಸಿಗೆ 70. ದುಡ್ಡಿದ್ದವರ ಬಟ್ಟೆ ಜಾಸ್ತಿ ತೂಗುತ್ತದೆ ಅಂತ ಇಲಾಖೆಗೆ ಗೊತ್ತು. ಆದರೆ ಸೈಕಲ್ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಹನ್ನೆರಡು ಕಿಲೋ ತೂಗಿದರೂ ಅದಕ್ಕೆ ಬೇರೆ ದುಡ್ಡು, ಬೇರೆ ರಸೀದಿ. ಗಂಗಾವತಿಯ 25 ಕಿಲೋ ಸೋನಾಮಸೂರಿ ಚೀಲ ಮಾತ್ರ ಸೀಟಿನಡಿ ಹಾಯಾಗಿ ಮಲಗಿ ಬರುತ್ತದೆ. ಪಕ್ಕದಲ್ಲಿ ಸ್ಟೀಲ್ ಡ್ರಮ್ಮು, ಸುತ್ತಿಟ್ಟ ಹಾಸಿಗೆ, ಮದುವೆಯಲ್ಲಿ ಬಂದ ಮಿಕ್ಸಿ. ಯಾರೂ ಯಾರನ್ನೂ ಎಬ್ಬಿಸುವುದಿಲ್ಲ.

ಸೈಕಲ್ಲು ಬ್ರೇಕ್ ವ್ಯಾನಿಗೆ, ಅಂದರೆ ರೈಲಿನ ಸಾಮಾನಿನ ಡಬ್ಬಿಗೆ ಹೋಗಬೇಕು. ರೈಲು ಹೊರಡಲು ಕನಿಷ್ಠ ಅರ್ಧ ಗಂಟೆ ಇರುವಾಗಲೇ ಟಿಕೆಟ್ ತೋರಿಸಿ ಲಗೇಜ್ ಅಂತ ಬುಕ್ ಮಾಡಿಸಬೇಕು. ಬಾಯಿತಪ್ಪಿ ಪಾರ್ಸೆಲ್ ಅಂದಿರೋ, ನೀವು ಈ ರೈಲಿನಲ್ಲಿ, ಸೈಕಲ್ಲು ಯಾವ ರೈಲಿನಲ್ಲಿ ಜಾಗ ಸಿಗುತ್ತದೋ ಅದರಲ್ಲಿ. ಅದಕ್ಕೂ ಮೊದಲು ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೇರಿಗೆ ರಟ್ಟು ಕಟ್ಟಿ, ಮೇಲೆ ಗೋಣಿ ಸುತ್ತಿ, ಹೆಸರು-ಊರು ಬರೆದ ಚೀಟಿ ಅಂಟಿಸಬೇಕು. ಲಕ್ಷ ಕೊಟ್ಟು ತಂದ ಕಾರ್ಬನ್ ಸೈಕಲ್ಲು ಕೊನೆಗೆ ಬ್ಯಾಡಗಿ ಮೆಣಸಿನಕಾಯಿ ಮೂಟೆಯಂತೆ ಗೋಡೆಗೆ ಒರಗಿ ನಿಲ್ಲುತ್ತದೆ. ಸೈಕಲ್ ಅಂತ ಗುರುತು ಸಿಗದ ಹಾಗೆ ಮಾಡಿದ ಮೇಲೇ ಸೈಕಲ್ಲಿಗೆ ರೈಲು ಹತ್ತುವ ಯೋಗ್ಯತೆ.

ಕೌಂಟರಿನ ಮಾತುಕತೆ ಯಾವ ಊರಲ್ಲಾದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

“ಎಷ್ಟು ಸೈಕಲ್ರೀ?”

“ಹನ್ನೆರಡು ಸಾರ್.”

“ಅಂಗಡಿ ಇಟ್ಟೀರೇನು?”

“ಇಲ್ರಿ ಸಾರ್, ತುಳಿಯಾಕ.”

“ತುಳಿಯಾಕಾದ್ರ ರೈಲು ಯಾಕ್ರೀ?”

ಈ ಪ್ರಶ್ನೆ ಯಾವ ನಿಯಮದಲ್ಲೂ ಇಲ್ಲ. ಉತ್ತರವೂ ಗುಂಪಿನಲ್ಲಿ ಯಾರ ಹತ್ತಿರವೂ ಇರುವುದಿಲ್ಲ ಅನ್ನಿ.

ಹತ್ತಿಸಿದ್ದಾಯಿತು, ಇಳಿಸುವುದು? ಬ್ರೇಕ್ ವ್ಯಾನ್ ರೈಲಿನ ತಲೆಗೊಂದು, ಬಾಲಕ್ಕೊಂದು. ನೀವಿರುವುದು ಹೊಟ್ಟೆಯಲ್ಲಿ. ಸಣ್ಣ ಊರುಗಳಲ್ಲಿ ರೈಲು ನಿಲ್ಲುವುದೇ ಎರಡು ನಿಮಿಷ. ಅಷ್ಟರಲ್ಲಿ ಇಳಿದು, ಓಡಿ, ಬಾಗಿಲು ತೆಗೆಸಿ, ಹನ್ನೆರಡು ಗೋಣಿ ಎಳೆದು ಹಾಕಬೇಕು. ಹುಬ್ಬಳ್ಳಿಯಲ್ಲಿ 1,507 ಮೀಟರ್ ಪ್ಲಾಟ್‌ಫಾರಂ ಕಟ್ಟಿ ಗಿನ್ನೆಸ್ ದಾಖಲೆ ಮಾಡಿದ್ದಾರಲ್ಲ, ಅದು ಈ ಓಟದ ಅಭ್ಯಾಸಕ್ಕೇ ಇರಬೇಕು ಅಂತ ನನ್ನ ಗುಮಾನಿ. 2022ರಲ್ಲಿ ಗಾರ್ಡ್ ಸಾಹೇಬರ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅಂತ ಹೊಸ ಹೆಸರು ಬಂತು. ಎರಡು ನಿಮಿಷಕ್ಕೆ ಮಾತ್ರ ಯಾವ ಬಡ್ತಿಯೂ ಸಿಗಲಿಲ್ಲ.

ರಾಯಚೂರಿನವರ ಅದೃಷ್ಟ ಇನ್ನೂ ದೊಡ್ಡದು. ಕಲಬುರಗಿ-ಬೆಂಗಳೂರು ವಂದೇ ಭಾರತ್ ಅಲ್ಲಿ ನಿಲ್ಲುತ್ತದೆ. ಅದರಲ್ಲಿ ಸೈಕಲ್ ಹಾಕಲು ಸಾಮಾನಿನ ಡಬ್ಬಿಯೇ ಇಲ್ಲ. ಸಮಸ್ಯೆಯನ್ನು ಬುಡಸಮೇತ ಕಿತ್ತಿದ್ದಾರೆ.

ಹಾಗಂತ ಸರ್ಕಾರಗಳಿಗೆ ಸೈಕಲ್ ಮೇಲೆ ಪ್ರೀತಿ ಇಲ್ಲ ಅನ್ನಬೇಡಿ. ಜೂನ್ 3 ವಿಶ್ವ ಸೈಕಲ್ ದಿನ, 2018ರಲ್ಲಿ ವಿಶ್ವಸಂಸ್ಥೆಯೇ ಘೋಷಿಸಿದ್ದು. ಅವತ್ತು ಜಾಥಾ ಇರುತ್ತದೆ, ಟೀ ಶರ್ಟು, ಬಾಳೆಹಣ್ಣು ಹಂಚುತ್ತಾರೆ. ಸಾಹೇಬರು ಹಸಿರು ಬಾವುಟ ಬೀಸಿ, ಫೋಟೋ ಬರುವಷ್ಟು ದೂರ ತುಳಿದು, ಹಿಂದೆಯೇ ಬಂದ ಇನ್ನೋವಾ ಹತ್ತುತ್ತಾರೆ. ಅವರು ತುಳಿದ ಸೈಕಲ್ಲು ಟಾಟಾ ಏಸ್‌ನಲ್ಲಿ ಮನೆಗೆ ಹೋಗುತ್ತದೆ.

ಅದನ್ನು ನೋಡಿಯೇ ನಮ್ಮ ಗುಂಪಿನವರಿಗೆ ಬುದ್ಧಿ ಬಂತು. ಒಂದು ಟಾಟಾ ಏಸ್ ಮಾತಾಡಿದರು. ಸೈಕಲ್ಲುಗಳು ಅದರಲ್ಲಿ, ಜನ ರೈಲಿನಲ್ಲಿ. ಜನರೂ ಅದರಲ್ಲೇ ಹೋಗುವಂತಿಲ್ಲ, ಸರಕು ಗಾಡಿಯಲ್ಲಿ ಮನುಷ್ಯರನ್ನು ಕೂರಿಸುವುದು ತಪ್ಪು. ರೈಲಿನಲ್ಲಿ ಸೈಕಲ್ಲಿಗೆ ಜಾಗವಿಲ್ಲ, ಗಾಡಿಯಲ್ಲಿ ಮನುಷ್ಯನಿಗೆ ಜಾಗವಿಲ್ಲ, ಲೆಕ್ಕ ಸರಿಹೋಯಿತು.

ರೈಲು ತೋರಣಗಲ್ಲು ಹತ್ತಿರ ಅದಿರಿನ ಗೂಡ್ಸಿಗೆ ದಾರಿ ಬಿಟ್ಟು ಸುಮ್ನೆ ನಿಂತಿದ್ದಾಗ ಏಸ್ ಡ್ರೈವರ್ ಫೋನ್ ಮಾಡಿದ.

“ಸಾರ್, ಕೊಪ್ಪಳ ಬಂತ್ರಿ. ಸೈಕಲ್ ಎಲ್ಲಾ ಇಳಿಸೀನಿ. ನೀವು ಎಲ್ಲಿ ಅದೀರಿ? ವೇಟಿಂಗ್ ಚಾರ್ಜು ಶುರು ಆತು ಮತ್ತ.”