ತರಂಗಾಂತರದ ಮೇಲಿನ ಕೇವಿಯಟ್ ತೆಗೆಸುವುದು: ಇಡೀ ಜಗಳ ಹೊತ್ತು ಕೋರ್ಟಿಗೆ ಹೋಗಬೇಡಿ

ಕೇವಿಯಟ್ ಅಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮು. ನನ್ನ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಎಂದು ಮೊದಲೇ ಹಾಕಿಡುವ ಅರ್ಜಿ, ಆಯಸ್ಸು 90 ದಿನ. ನ್ಯೂಜಿಲೆಂಡಿನಲ್ಲಿ ತರಂಗಾಂತರದ, ಅಂದರೆ ರೇಡಿಯೊ ಸ್ಪೆಕ್ಟ್ರಮ್‌ನ, ಹಕ್ಕಿನ ಮೇಲೆ ಬೇರೆಯವರು ಹಾಕುವ ಕೇವಿಯಟ್‌ನ ಜಾತಿಯೇ ಬೇರೆ. ಪಹಣಿಯ 11ನೇ ಕಾಲಂನಲ್ಲಿ ತಕರಾರು ಕೂತ ಹಾಗೆ ಅದು ಆ ಹಕ್ಕುಗಳನ್ನು ದಾಖಲಿಸುವ ರಿಜಿಸ್ಟರಿನಲ್ಲೇ ಕೂರುತ್ತದೆ. ನಿಮ್ಮ ಹಕ್ಕಿನ ಮೇಲೆ ಅಂಥದ್ದು ಬಿದ್ದರೆ ತೆಗೆಸುವುದು ಹೇಗೆ ಎಂಬುದೇ ಇಲ್ಲಿನ ಮಾತು. ಅಲ್ಲಿಂದೇಳುವ ತನಕ ಅದಕ್ಕೆ ಅಡ್ಡವಾಗುವ ವರ್ಗಾವಣೆ ನೋಂದಣಿಯಾಗುವುದಿಲ್ಲ.

ಅಲ್ಲಿನ 1989ರ ರೇಡಿಯೊ ಸಂವಹನ ಕಾಯ್ದೆ ತರಂಗಾಂತರವನ್ನು ಕೊಳ್ಳುವ, ಮಾರುವ ಸ್ವತ್ತಾಗಿ ಮಾಡಿತು. ಹಕ್ಕುಗಳು ಎರಡು ಬಗೆ: ಇಡೀ ಬ್ಯಾಂಡಿನ (ಆವರ್ತನಗಳ ಒಂದು ಪಟ್ಟಿಯ) ಮೇಲಿನ ಮ್ಯಾನೇಜ್‌ಮೆಂಟ್ ರೈಟ್, ಮತ್ತು ಅದರಡಿ ಪ್ರಸಾರಕ್ಕೆ ಕೊಡುವ ಸ್ಪೆಕ್ಟ್ರಮ್ ಲೈಸೆನ್ಸ್. ಕೇವಿಯಟ್ ಯಾವುದರ ಮೇಲಿದೆ ಎಂದು ರಿಜಿಸ್ಟರಿನ ಪ್ರತಿ ತೆಗೆಸಿ ದಾಖಲೆ ಸಂಖ್ಯೆ, ಆವರ್ತನದ ಕೆಳ ಮೇಲಿನ ಮಿತಿ ಸಮೇತ ನೋಡಿ. ಲೈಸೆನ್ಸ್ ಮೇಲಿನ ತಕರಾರನ್ನು ಇಡೀ ಬ್ಯಾಂಡಿನದ್ದೆಂದು ತಿಳಿದು ಬರೆದ ಅರ್ಜಿ ಮೊದಲ ಪುಟದಲ್ಲೇ ಎಡವುತ್ತದೆ.

ಆಮೇಲಿನ ಪ್ರಶ್ನೆ ಒಂದೇ: ಕೇವಿಯಟ್ ಹಾಕಿದ ಎದುರಿನವರು ಹೇಳುತ್ತಿರುವುದು ಆ ಹಕ್ಕಿನಲ್ಲೇ ತಮಗೆ ಪಾಲಿದೆ ಎಂದೋ, ಬರೀ ದುಡ್ಡು ಬಾಕಿ ಎಂದೋ? ಮಾರಾಟದ ಕರಾರು ಮಾಡಿಕೊಂಡವರಿಗೆ ಹಿಡಿದುಕೊಳ್ಳಲು ಏನೋ ಇದೆ. ಸಲಕರಣೆ ಪೂರೈಸಿ ಬಿಲ್ ಬಾರದೆ ಕೂತವರು ಹಣದ ದಾವೆ ಹೂಡಬೇಕೇ ಹೊರತು ಕೇವಿಯಟ್ ಹಾಕಬಾರದು. ಭೂಮಿಯ ಕೇವಿಯಟ್‌ಗಳಲ್ಲಿ ಅಲ್ಲಿನ ಕೋರ್ಟುಗಳು ಬಳಸುವ ಅಳತೆ ಇದು: ಕೇವಿಯಟ್ ಹಾಕಿದವರು ತಮ್ಮ ಹಕ್ಕು ವಾದಕ್ಕೆ ನಿಲ್ಲುವಂಥದ್ದು ಎಂದಷ್ಟು ತೋರಿಸಿದರೆ ಸಾಕು, ಗೆಲ್ಲುತ್ತೇವೆಂದು ಸಾಬೀತು ಮಾಡಬೇಕಿಲ್ಲ. ವಿಚಾರಣೆ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಮೇಲೆಯೇ ನಡೆಯುವಂಥದ್ದು. ಹಾಗಾಗಿ 'ಅವರು ಸುಳ್ಳು ಹೇಳುತ್ತಿದ್ದಾರೆ' ಎಂಬುದರ ಮೇಲೆ ಅರ್ಜಿ ಕಟ್ಟಿದರೆ ಸೋಲು ನಿಮ್ಮದೇ. ಯಾರ ಮಾತು ನಿಜ ಎಂಬ ಜಗಳವನ್ನು ಕೋರ್ಟು ಇಲ್ಲಿ ತೀರ್ಮಾನಿಸಲು ಹೋಗುವುದಿಲ್ಲ. ಕರಾರಿನ ಕಲಮು, ಮುಗಿದ ಗಡುವು, ಅವರದೇ ಪತ್ರ, ಇಂಥ ಕಾಗದಗಳ ಮೇಲೆ ನಿಲ್ಲಿ.

ಮೊದಲು ದಿನ ಗೊತ್ತುಮಾಡಿ, ಕೇವಿಯಟ್ ವಾಪಸ್ ತೆಗೆಯಿರಿ ಎಂದು ಪತ್ರ ಬರೆಯಿರಿ. ಕೋರ್ಟು ಖರ್ಚು ಯಾರು ಕೊಡಬೇಕೆಂಬ ಮಾತು ಬಂದಾಗ ಆ ಪತ್ರ ಕೈ ಹಿಡಿಯುತ್ತದೆ. ಮಣಿಯದಿದ್ದರೆ ಹೈಕೋರ್ಟಿಗೆ ಅರ್ಜಿ, ಜೊತೆಗೆ ರಿಜಿಸ್ಟರಿನ ಪ್ರತಿ, ಕರಾರು, ಪತ್ರಗಳಿರುವ ಅಫಿಡವಿಟ್. ನೋಟಿಸನ್ನು ಕೇವಿಯಟ್‌ನಲ್ಲೇ ಕೊಟ್ಟಿರುವ ವಿಳಾಸಕ್ಕೆ ತಲುಪಿಸಿ.

ತುರ್ತು ಯಾಕೆಂದು ಬಿಡಿಸಿ ಬರೆಯಿರಿ. ಜಮೀನು ಹತ್ತು ವರ್ಷ ಕಾದರೂ ಜಮೀನೇ. ಮ್ಯಾನೇಜ್‌ಮೆಂಟ್ ರೈಟ್‌ಗೆ ಹೆಚ್ಚೆಂದರೆ 20 ವರ್ಷ, ವ್ಯಾಜ್ಯ ನಡೆಯುವಾಗಲೂ ಅದು ಸವೆಯುತ್ತಲೇ ಇರುತ್ತದೆ. ಕೇವಿಯಟ್ ಪ್ರಸಾರ ನಿಲ್ಲಿಸುವುದಿಲ್ಲ ನಿಜ, ಆದರೆ ಕೊಳ್ಳುವವರು ನಿಲ್ಲುತ್ತಾರೆ. ಮಾರಿ ಬಂದ ಹಣದಲ್ಲಿ ವಿವಾದದ ಮೊತ್ತವನ್ನು ಮೂರನೆಯವರ ಟ್ರಸ್ಟ್ ಖಾತೆಯಲ್ಲಿಡಲು ನೀವೇ ಮುಂದೆ ಬನ್ನಿ. ಇಬ್ಬರಿಗೂ ನ್ಯಾಯವಾದ ದಾರಿ ಅದೇ ಎಂದು ನನ್ನ ಅಭಿಪ್ರಾಯ.

ಆದೇಶ ಬಂದ ಮೇಲೆ ಅದರ ಮೊಹರು ಹಾಕಿದ ಪ್ರತಿಯನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸಿ. ನಮೂದು ಹೋಗಿದೆಯೇ ಎಂದು ಹೊಸ ಪ್ರತಿ ತೆಗೆಸಿ ನೋಡಿ, ವರ್ಗಾವಣೆಯ ಕಾಗದವನ್ನು ಅದರ ಬೆನ್ನಿಗೇ ಕೊಡಿ.