ಇಚಿಗಾಯಾದ ಕಿಟಕಿ

"ಹಗ್ಗ ಇಲ್ಲ, ಕಂಬ ಇಲ್ಲ, ನೆಲಕ್ಕೆ ಹಾಸಿಕೊಂಡು ಹೊರಳಾಡ್ತಾವೆ. ಇದನ್ನೂ ಕುಸ್ತಿ ಅಂತೀಯೇನೇ?"

ಹೋದ ವಾರ ಊರಿಂದ ಬಂದಿದ್ದ ಸೋದರಮಾವ ನನ್ನ ಫೋನಿಗೆ ಬಗ್ಗಿ ನೋಡಿ ಕೇಳಿದ ಮಾತಿದು. ಮಾವ ಹುಡುಗರಾಗಿದ್ದಾಗ ಗರಡಿಗೆ ಹೋದವರು. ಮಣ್ಣಿನ ಕುಸ್ತಿ ಬಿಟ್ಟರೆ ಮಿಕ್ಕಿದ್ದೆಲ್ಲ ಅವರಿಗೆ ಆಟ. "ಇದಲ್ಲ ಮಾವ, ಇದರ ಕಥೆ ಬೇರೆ" ಅಂದೆ. ಆ ಕಥೆ ಊಟದ ಹೊತ್ತಿಗೆ ಹೇಳಿ ಮುಗಿಸುವಂಥದ್ದಲ್ಲ. ಆವತ್ತಿಂದ ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದೇನೆ. ಈಗ ಬರೆದೇ ಬಿಡುತ್ತೇನೆ.

ಫೋನಿನಲ್ಲಿ ನಡೆಯುತ್ತಿದ್ದದ್ದು ಚೋಕೋಪ್ರೋ ಎಂಬ ಜಪಾನಿನ ಕುಸ್ತಿ ಕಾರ್ಯಕ್ರಮ. ಟೋಕಿಯೊದ ಇಚಿಗಾಯಾ ಎಂಬಲ್ಲಿ 'ಚಾಕೊಲೇಟ್ ಹಿರೋಬಾ' ಅಂತ ಒಂದು ಜಾಗವಿದೆ. ಹಿರೋಬಾ ಅಂದರೆ ಬಯಲು. ಹೆಸರಿನಲ್ಲಿ ಬಯಲಿದ್ದರೂ ಅದೊಂದು ಸಣ್ಣ ಕೋಣೆ. ನೆಲದ ಮೇಲೆ ಮ್ಯಾಟ್, ಸುತ್ತ ಬಿಳಿ ಗೋಡೆ, ಒಂದು ಪಕ್ಕಕ್ಕೆ ಸರಿಸುವ ಕಿಟಕಿ. ಜನರನ್ನು ಒಳಗೆ ಬಿಡುವ ದಿನಗಳಲ್ಲಿ ಅವರು ಮ್ಯಾಟಿನ ಅಂಚಿಗೇ ಕೂರುತ್ತಾರೆ. ಕುಸ್ತಿಯವರು ಉರುಳಿ ಬಂದರೆ ಕಾಲು ಮಡಚಿಕೊಳ್ಳಬೇಕು, ಅಷ್ಟು ಹತ್ತಿರ.

ಹಗ್ಗ ಇಲ್ಲದಿದ್ದರೆ ಏನೇನು ಹೋಗುತ್ತದೆ ಯೋಚನೆ ಮಾಡಿ. ಹಗ್ಗಕ್ಕೆ ಬೆನ್ನು ಕೊಟ್ಟು ಚಿಮ್ಮಿ ಬರುವ ಓಟವಿಲ್ಲ. ಮೂಲೆಯ ಕಂಬ ಹತ್ತಿ ಹಾರುವಂತಿಲ್ಲ. ಪಟ್ಟಿಗೆ ಸಿಕ್ಕಿಬಿದ್ದಾಗ ಹಗ್ಗ ಹಿಡಿದು ಬಿಡಿಸಿಕೊಳ್ಳುವ ದಾರಿಯೂ ಇಲ್ಲ. ದೊಡ್ಡ ರಿಂಗಿನ ಹಲಗೆ ಬಿದ್ದವರ ಭಾರಕ್ಕೆ ಕೊಂಚ ಬಳುಕುತ್ತದೆ, ಇಲ್ಲಿ ಮ್ಯಾಟಿನ ಕೆಳಗೆ ನೆಲವೇ ಇದೆ. ಹಾಗಾಗಿ ಇವರು ಕೋಣೆಯನ್ನೇ ಕಲಿತುಕೊಂಡಿದ್ದಾರೆ. ಗೋಡೆಗೆ ಕಾಲು ಕೊಟ್ಟು ತಿರುಗುತ್ತಾರೆ. ಕಿಟಕಿಯ ಕಟ್ಟೆ ಹತ್ತಿ ಹಾರುತ್ತಾರೆ. ಕೆಲವೊಮ್ಮೆ ಕಿಟಕಿ ಸರಿಸಿ ಹೊರಗೇ ಹೋಗಿಬಿಡುತ್ತಾರೆ. ಅಷ್ಟು ಹತ್ತಿರದಿಂದ ನೋಡುವಾಗ ಏದುಸಿರು ಕೇಳುತ್ತದೆ, ಕೈ ತಿರುಚಿದಾಗ ಮುಖದಲ್ಲಿ ಏನಾಯಿತು ಅನ್ನುವುದು ಕಾಣುತ್ತದೆ. ಇಪ್ಪತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಹಿಂದಿನ ಸಾಲಿಗೆ ಮುಟ್ಟಬೇಕಾದರೆ ದೊಡ್ಡದಾಗಿ ಅಭಿನಯಿಸಬೇಕು. ಇಲ್ಲಿ ಹುಬ್ಬು ಅಲುಗಿದರೂ ಸಾಕು, ಸುಳ್ಳು ಅಲುಗಿದರೆ ಅದೂ ಗೊತ್ತಾಗಿಬಿಡುತ್ತದೆ. ನನಗೆ ಇದು ಸುಲಭದ ಆಟವಾಗಿ ಕಂಡಿಲ್ಲ.

"ಯಾರು ಗೆಲ್ಲೋದು ಅಂತ ಮೊದಲೇ ಮಾತಾಡಿಕೊಂಡಿರ್ತಾರಂತಲ್ಲ?" ಅಂತಲೂ ಮಾವ ಕೇಳಿದ್ದರು. ಹೌದು. ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೇ ಅಲ್ಲವೇ ಮಾವ, ನೀವು ಬೆಳಗಿನ ತನಕ ಬಯಲಾಟದ ಎದುರು ಕೂರುತ್ತಿದ್ದದ್ದು?

ಈ ಕೋಣೆ ಹೇಗೆ ಹುಟ್ಟಿತು ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಜಪಾನಿನಲ್ಲಿ ಹೆಂಗಸರ ಕುಸ್ತಿ ಒಂದು ಕಾಲಕ್ಕೆ ಬಹಳ ದೊಡ್ಡದಾಗಿತ್ತು. ಮಾತ್ಸುನಾಗಾ ಸಹೋದರರು 1968ರಲ್ಲಿ ಕಟ್ಟಿದ ಆಲ್ ಜಪಾನ್ ವಿಮೆನ್ಸ್ ಸಂಸ್ಥೆಯ ಪಂದ್ಯಗಳು ಫುಜಿ ಟಿವಿಯಲ್ಲಿ ಬರುತ್ತಿದ್ದವು. 80ರ ದಶಕದಲ್ಲಿ ಚಿಗುಸಾ ನಾಗಾಯೊ ಮತ್ತು ಲಯನೆಸ್ ಅಸುಕಾ ಜೋಡಿಗೆ ಶಾಲೆಯ ಹುಡುಗಿಯರು ಅಳುತ್ತ ಕೂಗುತ್ತಿದ್ದರು. 1994ರಲ್ಲಿ ಟೋಕಿಯೊ ಡೋಮ್ ಎಂಬ ಭಾರಿ ಕ್ರೀಡಾಂಗಣದಲ್ಲೇ ಹೆಂಗಸರ ಕುಸ್ತಿ ನಡೆಯಿತು. ಆದರೆ ಅದೇ ಸಂಸ್ಥೆಯಲ್ಲಿ 25 ತುಂಬುತ್ತಿದ್ದಂತೆ ನಿವೃತ್ತಿಯಾಗಬೇಕು ಅನ್ನುವ ಕಟ್ಟಳೆ ಬಹುಕಾಲ ನಡೆಯಿತು. ಹೆಂಡ, ಸಿಗರೇಟು, ಗಂಡಸರ ಸಹವಾಸ, ಮೂರಕ್ಕೂ ನಿಷೇಧ. ಹುಡುಗಿಯರು ಬರಬೇಕು, ಮೈ ಮುರಿದು ದುಡಿಯಬೇಕು, ಯೌವನ ಇಳಿಯುವ ಮೊದಲೇ ಜಾಗ ಖಾಲಿ ಮಾಡಬೇಕು. 2005ರಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು. ನಾಗಾಯೊ ಕಟ್ಟಿದ್ದ ಗಾಯಾ ಜಪಾನ್ ಕೂಡ ಅದೇ ವರ್ಷ ಮುಚ್ಚಿತು.

ಮರುವರ್ಷ, 2006ರಲ್ಲಿ, ಎಮಿ ಸಕುರಾ ಎಂಬಾಕೆ ಐಸ್ ರಿಬ್ಬನ್ ಎಂಬ ಹೆಂಗಸರ ಕುಸ್ತಿ ಸಂಸ್ಥೆ ಶುರುಮಾಡಿದಳು. 1976ರಲ್ಲಿ ಹುಟ್ಟಿ, 1995ರಲ್ಲಿ ಕುಸ್ತಿಗೆ ಇಳಿದವಳು. ಆ ಹಳೆಯ ದೊಡ್ಡ ಸಂಸ್ಥೆಯಿಂದ ಬಂದವಳಲ್ಲ. ಟಿವಿಯಿಲ್ಲ, ದುಡ್ಡಿಲ್ಲ. ಹೆಸರಿರುವ ಕುಸ್ತಿಯವರನ್ನು ಕರೆತರುವ ಬದಲು ಕುಸ್ತಿ ಅಂದರೇನು ಎಂದೇ ಗೊತ್ತಿಲ್ಲದವರನ್ನು ಸೇರಿಸಿಕೊಂಡು ಪಳಗಿಸಿದಳು. "ಕುಸ್ತಿಯಿಂದ ಖುಷಿ" ಅನ್ನುವುದು ಅವರ ಘೋಷಣೆ. ಆ ಘೋಷಣೆಯನ್ನು ನಾನು ತುಂಬ ಸಲ ನೆನೆದಿದ್ದೇನೆ, 25ಕ್ಕೆ ಹೊರಗಟ್ಟುತ್ತಿದ್ದ ಸಂಸ್ಥೆ ಮುಚ್ಚಿದ ಬೆನ್ನಿಗೇ ಹುಟ್ಟಿದ ಮಾತಲ್ಲವೇ ಅದು.

ಇಲ್ಲೊಂದು ವಿಷಯ ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ಹಾಗೆ ಬಂದವರಲ್ಲಿ ಮಕ್ಕಳಿದ್ದರು. ರಿಹೊ ಎಂಬ ಹುಡುಗಿ ಮೊದಲ ಪಂದ್ಯ ಆಡಿದಾಗ ಅವಳಿಗೆ 9 ವರ್ಷ. ಟಿಕೆಟ್ ಕೊಂಡು ಬಂದವರ ಮುಂದೆ ಒಂಬತ್ತರ ಮಗು ಬೆನ್ನು ಬಡಿದುಕೊಂಡು ಬೀಳುವುದು ನನಗೆ ಒಪ್ಪಿಗೆಯಿಲ್ಲ. ಕಲಿಸಿದವಳು ಎಷ್ಟೇ ಜಾಗ್ರತೆಯವಳಿರಲಿ, ಮಗು ಎಷ್ಟೇ ಆಸೆಪಟ್ಟಿರಲಿ, ಬೇಡ ಅನ್ನುವುದು ದೊಡ್ಡವರ ಕೆಲಸ. ಸಕುರಾಳ ಬಗ್ಗೆ ಇಷ್ಟು ಗೌರವದಿಂದ ಬರೆಯುವಾಗ ಇದನ್ನು ಮುಚ್ಚಿಟ್ಟು ಬರೆಯಲು ಮನಸ್ಸು ಬರಲಿಲ್ಲ.

2008ರಲ್ಲಿ ಒಂದು ಸಿನಿಮಾಗಾಗಿ ಕುಸ್ತಿ ಕಲಿಯಲು ಕೆಲವು ನಟಿಯರು ಐಸ್ ರಿಬ್ಬನ್‌ಗೆ ಬಂದರು. ಹಿಕಾರು ಶಿದಾ ಮತ್ತು ತ್ಸುಕಾಸಾ ಫುಜಿಮೊತೊ ಸಿನಿಮಾ ಮುಗಿದ ಮೇಲೂ ವಾಪಸು ಹೋಗಲಿಲ್ಲ. ಫುಜಿಮೊತೊ ಮುಂದೆ ಐಸ್ ರಿಬ್ಬನ್ನಿನ ಬೆನ್ನೆಲುಬೇ ಆದಳು. 2010ರಲ್ಲಿ ಇವರೆಲ್ಲ ಸಂಜೆ ಏಳಕ್ಕೆ ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡತೊಡಗಿದರು. 'ಹತ್ತೊಂಬತ್ತು ಗಂಟೆಯ ಹೆಣ್ಣುಮಕ್ಕಳ ಕುಸ್ತಿ' ಅಂತಲೇ ಅದರ ಹೆಸರು. ಟಿವಿ ಕೈಬಿಟ್ಟಿದ್ದ ಆಟಕ್ಕೆ ಇವರು ತಾವೇ ಟಿವಿ ಮಾಡಿಕೊಂಡರು, ಅದೂ 2010ರಲ್ಲಿ.

2012ರಲ್ಲಿ ಸಕುರಾ ತಾನೇ ಕಟ್ಟಿದ ಐಸ್ ರಿಬ್ಬನ್ ಬಿಟ್ಟು ಥಾಯ್ಲೆಂಡಿಗೆ ಹೋದಳು. ಅಲ್ಲಿ ಮತ್ತೆ ಸೊನ್ನೆಯಿಂದ ಕಟ್ಟಿದ್ದು ಗಾತೋ ಮೂವ್ ಎಂಬ ಹೊಸ ಸಂಸ್ಥೆ. ಅದರ ಹೆಸರು ಬರೆಯುವ ನಾಲ್ಕು ಅಕ್ಷರಗಳಿಗೆ ನಾನು, ಹೋರಾಟ, ಮೋಡ, ನಾಟ್ಯ ಅಂತ ಅರ್ಥ. ಜಪಾನಿನಲ್ಲೂ ಅದೇ ಹೆಸರಲ್ಲಿ ಆಟ ಶುರುವಾಯಿತು, ಇಚಿಗಾಯಾದ ಕೋಣೆ ಮನೆಯಾಯಿತು. ರಿಹೊ ಅಲ್ಲಿಗೂ ಬಂದಳು.

ಈಗ 2019ಕ್ಕೆ ಬರೋಣ. ಅಮೆರಿಕದಲ್ಲಿ ಎಇಡಬ್ಲ್ಯೂ ಎಂಬ ಹೊಸ ದೊಡ್ಡ ಕುಸ್ತಿ ಕಂಪನಿ ಹುಟ್ಟಿತು. ಮೇ ತಿಂಗಳಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಅದರ ಮೊದಲ ದೊಡ್ಡ ಪ್ರದರ್ಶನದಲ್ಲೇ ಸಕುರಾ, ರಿಹೊ, ಶಿದಾ ಮೂವರೂ ಒಂದೇ ಪಂದ್ಯದಲ್ಲಿದ್ದರು. ಅಕ್ಟೋಬರ್ 2ರಂದು ವಾಷಿಂಗ್ಟನ್ನಿನಲ್ಲಿ ರಿಹೊ ತನಗಿಂತ ಎಷ್ಟೋ ದೊಡ್ಡ ಮೈಕಟ್ಟಿನ ನೈಲಾ ರೋಸ್‌ಳನ್ನು ಮಣಿಸಿ ಅವರ ಮೊದಲ ಮಹಿಳಾ ಚಾಂಪಿಯನ್ ಆದಳು. ಮುಂದಿನ ತಿಂಗಳು ಬಾಲ್ಟಿಮೋರ್‌ನಲ್ಲಿ ಆ ಪಟ್ಟಕ್ಕೆ ಅವಳಿಗೆ ಎದುರು ನಿಂತವಳು ಎಮಿ ಸಕುರಾ. ಒಂಬತ್ತನೇ ವಯಸ್ಸಿಗೆ ಬೀಳುವುದು ಹೇಗೆಂದು ಕಲಿಸಿದವಳು. ರಿಹೊ ಗೆದ್ದಳು. ಇನ್ನೊಂದು ಆರು ತಿಂಗಳಿಗೆ, 2020ರ ಮೇನಲ್ಲಿ, ಅದೇ ಪಟ್ಟ ಶಿದಾಳ ಕೈಗೆ ಬಂದು ಅಲ್ಲೇ 372 ದಿನ ಉಳಿಯಿತು. ಆ ಕಂಪನಿಯ ಮೊದಲ ಮೂವರು ಮಹಿಳಾ ಚಾಂಪಿಯನ್ನರಲ್ಲಿ ಇಬ್ಬರು ಒಬ್ಬಳದೇ ಗರಡಿಯಲ್ಲಿ ಪಳಗಿದವರು.

ಇದನ್ನು ಹೇಳಿದ ಕೂಡಲೇ ಜನ ಅನ್ನುವುದು, "ನೋಡು, ಸಣ್ಣ ಜಾಗದಿಂದ ಎಷ್ಟು ಮೇಲೆ ಹೋದರು!" ನನ್ನ ಜಗಳ ಇರುವುದೇ ಇಲ್ಲಿ. ಆ ಕೋಣೆಯನ್ನು ಏಣಿಯ ಕೆಳಗಿನ ಮೆಟ್ಟಿಲು ಅಂತ ಎಣಿಸಬೇಡಿ. ಅಷ್ಟು ದೊಡ್ಡ ಅಖಾಡದಲ್ಲಿ ಆಡಿದ ಮೇಲೆ ಸಕುರಾ ಎಲ್ಲಿಗೆ ಹೋದಳು ನೋಡಿ. ವಾಪಸು ಅದೇ ಕಿಟಕಿಯ ಹತ್ತಿರಕ್ಕೆ ಬಂದಳು. ಬೇರೆ ಕಡೆ ಜಾಗ ಸಿಗದೆ ಬಂದವಳಲ್ಲ ಅವಳು.

2020ರ ಮಾರ್ಚ್. ನಮ್ಮಲ್ಲಿ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಮೂರು ದಿನದ ಮೇಲೆ, 28ರಂದು, ಸಕುರಾ ಶುರುಮಾಡಿದ ಚೋಕೋಪ್ರೋದ ಮೊದಲ ಕಂತು ಯೂಟ್ಯೂಬಿನಲ್ಲಿ ಬಂತು. ನೋಡಲು ದುಡ್ಡು ಕೊಡಬೇಕಿಲ್ಲ. ಒಳಗೆ ಪ್ರೇಕ್ಷಕರಿಲ್ಲ. ಲೋಕದ ದೊಡ್ಡ ದೊಡ್ಡ ಕಂಪನಿಗಳು ಖಾಲಿ ಕುರ್ಚಿಗಳ ಮುಂದೆ ಏನು ಮಾಡುವುದೆಂದು ತಡಕಾಡುತ್ತಿದ್ದಾಗ ಇವರಿಗೆ ಆ ಕಷ್ಟವೇ ಬರಲಿಲ್ಲ, ಖಾಲಿ ಕಾಣುವಷ್ಟು ಜಾಗವೇ ಆ ಕೋಣೆಯಲ್ಲಿರಲಿಲ್ಲವಲ್ಲ. ಆಡದೇ ಇದ್ದವರು ಗೋಡೆಗೆ ಒತ್ತಿಕೊಂಡು ಕೂತು ಕೂಗುತ್ತಿದ್ದರು. ಕ್ಯಾಮೆರಾ ಮ್ಯಾಟಿನ ಮೇಲೇ ಓಡಾಡುತ್ತಿತ್ತು. ನಾನು ಆ ದಿನಗಳಲ್ಲಿ ಒಂಟಿಯಾಗಿ ಬಾಡಿಗೆ ಮನೆಯಲ್ಲಿದ್ದೆ. ಪಕ್ಕದ ಮನೆಯವರ ಮುಖ ಕಾಣದ ವಾರಗಳಲ್ಲಿ ಟೋಕಿಯೊದ ಆ ಕೋಣೆಯವರ ಹೆಸರುಗಳು ನನಗೆ ಬಾಯಿಪಾಠವಾದವು.

ಅವರಲ್ಲಿ ನಮ್ಮ ದೇಶದವನೊಬ್ಬನಿದ್ದ, ಬಾಲಿಯಾನ್ ಅಕ್ಕಿ. ಜಪಾನಿ ಗೊತ್ತಿಲ್ಲದ ನಮ್ಮಂಥವರಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದವನೂ ಅವನೇ. ಮೇ ಸುರುಗಾ ಎಂಬವಳ ಜೊತೆ ಅವನ ಜೋಡಿ ನೋಡಿ, ಅದರ ಲಯವೇ ಬೇರೆ. ಇನ್ನೊಬ್ಬಳು ಲುಲು ಪೆನ್ಸಿಲ್. ಕಸುಬಿನಿಂದ ಬರಹಗಾರ್ತಿ, ಕಡ್ಡಿಯಂಥ ಮೈ, ಭುಜ ನೆಲಕ್ಕೆ ಒತ್ತಿ ಮೂರು ಎಣಿಸಿದರೆ ಸೋಲು, ಒಂದು ಸಲ ಎತ್ತಿ ಹಾಕಿದರೆ ಅಷ್ಟರಲ್ಲಿ ಏಳುತ್ತಿರಲಿಲ್ಲ. ಸೋಲುತ್ತಿದ್ದಳು, ಮತ್ತೆ ಬರುತ್ತಿದ್ದಳು, ಮತ್ತೆ ಸೋಲುತ್ತಿದ್ದಳು. ಬ್ರಿಟನ್ನಿನಿಂದ ಬಂದ ಎತ್ತರದ ಕ್ರಿಸ್ ಬ್ರೂಕ್ಸ್ ಎದುರು ಅವಳು ನಿಂತರೆ ತೀರ ಪುಟ್ಟದಾಗಿ ಕಾಣುತ್ತಿದ್ದಳು. ದೊಡ್ಡ ಕಂಪನಿ ಇಂಥವಳನ್ನು ಒಂದು ದಿನದ ತಮಾಷೆಗೆ ಕರೆದು ಕಳಿಸುತ್ತಿತ್ತು. ಇಚಿಗಾಯಾದಲ್ಲಿ ಅವಳು ಭುಜ ನೆಲದಿಂದ ಒಂದು ಬೆರಳು ಮೇಲೆತ್ತಿದ್ದಕ್ಕೆ ನಾನು ರಾತ್ರಿಯಲ್ಲಿ ಒಬ್ಬಳೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇನೆ.

ಐವತ್ತರ ಹತ್ತಿರ ಬಂದರೂ ಸಕುರಾ ಕುಸ್ತಿ ಬಿಟ್ಟಿಲ್ಲ. 25ಕ್ಕೆ ಮನೆಗೆ ಕಳಿಸುತ್ತಿದ್ದ ಆ ದೊಡ್ಡ ಸಂಸ್ಥೆ ಮುಚ್ಚಿ ಎಷ್ಟೋ ವರ್ಷವಾಯಿತು.

ಮಾವ, ಯುಗಾದಿಗೆ ಊರಿಗೆ ಬಂದಾಗ ಮೊದಲ ಕಂತು ಟಿವಿಗೆ ಹಾಕಿ ತೋರಿಸುತ್ತೇನೆ. ಸದ್ದು ಜೋರಾಗಿಟ್ಟುಕೊಂಡು ನೋಡೋಣ. ಹಿಡಿತಗಳನ್ನು ನೋಡಿ, ಮಣಿಕಟ್ಟು ಹಿಡಿಯುವುದನ್ನು ನೋಡಿ. ಆಮೇಲೆ ನಿಮಗೆ ಅನ್ನಿಸಿದ್ದು ಹೇಳಿ, ನಾನು ಕೇಳುತ್ತೇನೆ.