ನಾನು ಪಾಸು ಮಾಡಿದ ಬಾಟಲಿ

ಊರಿನ ಹೆಸರು ಹರೊ. ಸ್ಪೇನಿನ ಉತ್ತರಕ್ಕೆ, ರಿಯೋಹಾ ಸೀಮೆಯಲ್ಲಿದೆ. ಹರೊ ಅಂತ ಬರೆಯುವುದಷ್ಟೇ, ಅಲ್ಲಿಯವರು ಕರೆಯುವುದು ‘ಆರೊ’ ಅಂತ. ನಮ್ಮ ಕಡೆ ಹಾಲು ‘ಆಲು’ ಆಗುವ ಹಾಗೆ ಅವರ ಬಾಯಲ್ಲೂ ಹಕಾರ ನಿಲ್ಲುವುದಿಲ್ಲ. ಇದು ನಮ್ಮ ಜನವೇ ಬಿಡು ಎಂದುಕೊಳ್ಳುವಷ್ಟರಲ್ಲಿ, ನಾನು ರಿಯೋಜಾ ಅಂತ ಓದಿಕೊಂಡು ಬಂದಿದ್ದ ಸೀಮೆಯನ್ನು ‘ರಿಯೋಹಾ’ ಎಂದರು. ಇದ್ದ ಹಕಾರ ನುಂಗುವುದು, ಇಲ್ಲದ್ದನ್ನು ಉಗುಳುವುದು. ಇದನ್ನು ಕಲಿಯುವುದರಲ್ಲೇ ನನ್ನ ಅರ್ಧ ದಿನ ಹೋಯಿತು.

ಕರೆದುಕೊಂಡು ಹೋದವನು ಬಿಲ್ಬಾವೊದಲ್ಲಿ ಕೆಲಸಕ್ಕಿರುವ ಗೆಳೆಯ. ತೀರ್ಥಹಳ್ಳಿ ಕಡೆಯವನು. ನಾವು ಗಂಡ ಹೆಂಡತಿ ಅವನ ಮನೆಗೆ ಹೋಗಿ ಎರಡು ದಿನ ಅನ್ನ ಸಾರು ಉಂಡುಕೊಂಡು ಆರಾಮಾಗಿದ್ದೆವು. ಮೂರನೆಯ ದಿನ ಅವನಿಗೆ ತಡೆಯಲಾಗಲಿಲ್ಲ. “ಇಲ್ಲಿಯವರೆಗೆ ಬಂದು ಒಂದು ಗ್ರಾನ್ ರೆಸೆರ್ವ ಕುಡಿಯದೆ ಹೋಗ್ತೀಯೇನೋ ಮಾರಾಯ” ಎಂದು ಕಾರು ಹೊರಡಿಸಿದ.

ದಾರಿಯುದ್ದಕ್ಕೂ ಪಾಠ. ರಿಯೋಹಾದ ಕೆಂಪು ವೈನಿಗೂ ನಮ್ಮ ಹಾಗೆ ಓದಿನ ಮೆಟ್ಟಿಲುಗಳಿವೆ. ಎರಡು ವರ್ಷ ಮುಗಿಸಿದ್ದು ಕ್ರಿಯಾಂಸ. ನಮ್ಮ ಪಿಯುಸಿ. ಮೂರು ವರ್ಷದ್ದು ರೆಸೆರ್ವ, ಅಂದರೆ ಬಿಎ. ಐದು ವರ್ಷ ಕಳೆದದ್ದು ಗ್ರಾನ್ ರೆಸೆರ್ವ. ಲಾ ಓದಿದ ಹಾಗೆ. ಅದರಲ್ಲಿ ಕಡಿಮೆಯೆಂದರೂ ಎರಡು ವರ್ಷ ಓಕ್ ಮರದ ಪೀಪಾಯಿಯಲ್ಲಿ, ಎರಡು ವರ್ಷ ಬಾಟಲಿಯಲ್ಲಿ ಕೂತಿರಬೇಕು. ಇವಳು ಹಿಂದಿನ ಸೀಟಿನಿಂದ, “ಅಷ್ಟು ದಿನ ಇಟ್ರೂ ಕೆಡಲ್ವಾ?” ಎಂದು ಕೇಳಿದಳು. ನಾನೂ ಗೆಳೆಯನೂ ನಕ್ಕೆವು. ಆ ನಗು ನೆನಪಿರಲಿ.

ಊರಿನ ಒಂದು ಹೋಟೆಲಿನಲ್ಲಿ ಅವನು ತರಿಸಿದ್ದು 2001ರ ಗ್ರಾನ್ ರೆಸೆರ್ವ. ಆ ಸೀಮೆಯಲ್ಲಿ ದ್ರಾಕ್ಷಿ ಬಹಳ ಚೆನ್ನಾಗಿ ಬಂದ ವರ್ಷವಂತೆ. ಬಾಟಲಿಯ ಮೈಗೆಲ್ಲ ಬಂಗಾರದ ಬಣ್ಣದ ತಂತಿಬಲೆ. ಹಿಂದೆ ಖಾಲಿ ಬಾಟಲಿಗೆ ಬೇರೆ ವೈನು ತುಂಬಿ ಮಾರುವವರಿದ್ದರಂತೆ, ಅದಕ್ಕೆ ಈ ಕಾವಲು. ನಾನು ಮೆನುವಿನಲ್ಲಿ ಬೆಲೆ ನೋಡಿ, ಯೂರೋವನ್ನು ರೂಪಾಯಿಗೆ ಗುಣಿಸಿ, ಆಗಲೇ ಸಣ್ಣಗೆ ಬೆವರುತ್ತಿದ್ದೆ.

ಮಾಣಿ ಬಿರಡೆ ತೆಗೆದು ನನ್ನ ಮುಂದಿಟ್ಟ. ಅತಿಥಿ ನಾನೇ ಅಲ್ವಾ? ನೆನಪಿಗೆಂದು ಕೊಟ್ಟಿರಬೇಕು ಎಂದುಕೊಂಡು “ಗ್ರಾಸಿಯಾಸ್” ಎಂದು ಅಂಗಿ ಜೇಬಿಗೆ ಹಾಕಿಕೊಂಡೆ. ಅವನ ಹುಬ್ಬು ಒಂಚೂರು ಮೇಲೆ ಹೋಯಿತು. ಆಮೇಲೆ ನನ್ನ ಗ್ಲಾಸಿಗೆ ತೀರ್ಥದಷ್ಟು ವೈನು ಹಾಕಿ ಕೈಕಟ್ಟಿ ನಿಂತ. ಈ ಬೆಲೆಗೆ ಇಷ್ಟೇನಾ, ಎಂಥ ಜಿಪುಣ ಇವನು ಎನಿಸಿತು. “ಮೂಸಿ ನೋಡಿ ಹೇಳು” ಎಂದ ಗೆಳೆಯ.

ಮೂಸಿದೆ. ಒಂದು ಕ್ಷಣ ಎಲ್ಲಿದ್ದೇನೆಂದೇ ಮರೆಯಿತು. ಆಗುಂಬೆಯ ಹತ್ತಿರ ಅಜ್ಜನ ಮನೆ, ಆಷಾಢದ ಮಳೆ, ಅಟ್ಟ. ಅಟ್ಟದ ಮೇಲೆ ಖಾಲಿ ಗೋಣಿಚೀಲ, ಹಳೇ ಪಂಚಾಂಗ, ಹದಿನೈದು ದಿನದಿಂದ ಒಣಗದ ಕಂಬಳಿ. ಆಹಾ, ಹಳೆಯದು ಅಂದರೆ ಇದು! ಗ್ಲಾಸನ್ನು ಇವಳ ಮೂಗಿನ ಹತ್ತಿರ ಹಿಡಿದೆ. ಇವಳು ಕುಡಿಯುವುದಿಲ್ಲ. ಮೂಸಿದ್ದೇ ತಲೆ ಹಿಂದಕ್ಕೆಳೆದುಕೊಂಡಳು.

“ಏನ್ರೀ ಇದು, ಮುಗ್ಗಲು ವಾಸನೆ!”

“ಸುಮ್ನಿರು. ಇಪ್ಪತ್ತು ವರ್ಷ ದಾಟಿದ ವೈನು ಅದು. ನಿನಗೆ ಗೊತ್ತಾಗಲ್ಲ.”

ಮಾಣಿಯ ಕಡೆ ತಿರುಗಿ, ಕಣ್ಣು ಅರ್ಧ ಮುಚ್ಚಿ, “ಮುಯ್ ಬುಯೆನೊ” ಎಂದೆ. ತುಂಬಾ ಚೆನ್ನಾಗಿದೆ ಅಂತ. ಅವನು ತಲೆಬಾಗಿಸಿ ಗೆಳೆಯನ ಗ್ಲಾಸಿಗೂ ಅವನ ಹೆಂಡತಿಯ ಗ್ಲಾಸಿಗೂ ಧಾರಾಳವಾಗಿ ಹಾಕಿ ಹೋದ.

ಗೆಳೆಯ ಮೂಗು ಹತ್ತಿರ ತಂದವನು ಕುಡಿಯಲೇ ಇಲ್ಲ. ಮಾಣಿಯನ್ನು ಮತ್ತೆ ಕರೆದ. ಮಾಣಿ ಮೂಸಿ ಒಂದೇ ಮಾತು ಹೇಳಿದ: “ಕೋರ್ಚೊ.” ಬಿರಡೆ. ಗ್ಲಾಸುಗಳೆಲ್ಲ ವಾಪಸ್ಸು ಹೋದವು. ಆಮೇಲೆ ಅವನು ಮೇಜಿನ ಮೇಲೆ, ಕೆಳಗೆ ಏನನ್ನೋ ಹುಡುಕತೊಡಗಿದ. ನಾನು ಜೇಬಿಗೆ ಕೈಹಾಕಿ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗ ಚೀಟಿ ಕೊಡುವ ಹಾಗೆ, ಬಿರಡೆಯನ್ನು ಅವನ ಕೈಗೆ ಕೊಟ್ಟೆ.

ಆಗ ಗೊತ್ತಾಗಿದ್ದು. ಆ ತೀರ್ಥ ಹಾಕುವುದು ರುಚಿ ಹೊಗಳಲಿ ಎಂದಲ್ಲ. ವೈನು ಕೆಟ್ಟಿದೆಯೋ ಇಲ್ಲವೋ ನೋಡಲಿ ಎಂದು. ನನ್ನ ಕೆಲಸ ಅದೊಂದೇ ಆಗಿತ್ತು.

ಪಾಪ, ವೈನು ಮಾಡಿದವರದ್ದೂ ತಪ್ಪಿಲ್ಲ. ಬಿರಡೆ ಒಂದು ಜಾತಿಯ ಓಕ್ ಮರದ ತೊಗಟೆ. ಮರಕ್ಕೆ ಸುಮಾರು 25 ವರ್ಷ ಆಗುವವರೆಗೆ ಮುಟ್ಟುವಂತಿಲ್ಲ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ ಸುಲಿಯುತ್ತಾರೆ. ಮೊದಲ ಎರಡು ಸುಲಿತ ಬಾಟಲಿಗೆ ಲಾಯಕ್ಕಿಲ್ಲ, ಮೂರನೆಯದೇ ಆಗಬೇಕು. ಅಂದರೆ ಅಜ್ಜ ನೆಟ್ಟ ಮರದ ಬಿರಡೆ ಮೊಮ್ಮಗನಿಗೆ. ಇಷ್ಟು ಕಾದು ತಂದ ತೊಗಟೆಯಲ್ಲಿ ಎಲ್ಲೋ ಒಂದಿಷ್ಟು ಬೂಷ್ಟು ಕೂತು, ಅದಕ್ಕೆ ಕ್ಲೋರಿನ್ ಇರುವ ಯಾವುದೋ ಪದಾರ್ಥ ಸಿಕ್ಕರೆ ಟಿಸಿಎ ಎಂಬ ಪೀಡೆ ಹುಟ್ಟುತ್ತದೆ. ಪೂರ್ತಿ ಹೆಸರು ಟ್ರೈಕ್ಲೋರೋಅನಿಸೋಲ್. ಈ ವಾಸನೆಗೆ ಇದೇ ಕಾರಣವೆಂದು 1980ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಪತ್ತೆ ಹಚ್ಚಿದರು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ನಾಲ್ಕೈದು ಪಾಲು ಒಂದು ಲೀಟರಿಗೆ ಬಿದ್ದರೂ ಸಾಕು, ಮೂಗಿಗೆ ತಿಳಿಯುತ್ತದೆ. ಕುಡಿದರೆ ಆರೋಗ್ಯಕ್ಕೇನೂ ಆಗುವುದಿಲ್ಲ. ಮರ್ಯಾದೆಗೆ ಆಗುತ್ತದೆ. ದುಡ್ಡು ಜಾಸ್ತಿ ಕೊಟ್ಟರೆ ತಪ್ಪಿಸಿಕೊಳ್ಳಬಹುದು ಎಂಬುದೂ ಇಲ್ಲ. ಬಾಟಲಿ ತೆರೆಯುವವರೆಗೆ ಬ್ರಹ್ಮನಿಗೂ ಗೊತ್ತಾಗದು.

ವಾಸನೆಯನ್ನು ಹೇಗೆ ವಿವರಿಸುತ್ತಾರೆ ಎಂದು ಆಮೇಲೆ ಓದಿದೆ. ಒದ್ದೆ ರಟ್ಟು, ಒದ್ದೆ ನಾಯಿ, ತೇವ ಹಿಡಿದ ನೆಲಮಾಳಿಗೆ. ಇಷ್ಟೆಲ್ಲ ಯಾಕೆ? ಇವಳು ‘ಮುಗ್ಗಲು’ ಎಂದು ಮೂರಕ್ಷರದಲ್ಲಿ ಮುಗಿಸಿದ್ದಳು. ದಿನಾ ಬೆಳಿಗ್ಗೆ ಹಾಲು, ಹಿಟ್ಟು, ನಿನ್ನೆಯ ಸಾರು ಮೂಸಿ ತೀರ್ಪು ಕೊಡುವ ಮೂಗು ಅದು. ನಾನು ನನ್ನ ಪರವಾಗಿ ಒಂದು ಸಾಕ್ಷಿ ಹುಡುಕಿದೆ. ಟಿಸಿಎ ಸುಮ್ಮನೆ ನಾರುವುದಷ್ಟೇ ಅಲ್ಲ, ಮೂಗಿನ ಜೀವಕೋಶಗಳನ್ನೇ ಮಂಕು ಮಾಡುತ್ತದೆ ಎಂದು 2013ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದಾರೆ. “ನೋಡು, ನನ್ನ ಮೂಗು ಮಂಕಾಗಿತ್ತು” ಎಂದೆ. “ಅದೇ ಗ್ಲಾಸು ತಾನೇ ನಾನೂ ಮೂಸಿದ್ದು?” ಎಂದಳು. ಜಪಾನಿನವರು ಇದಕ್ಕೆ ಉತ್ತರ ಬರೆದಿಲ್ಲ.

ಬದಲಿಗೆ ಬಂದ ಬಾಟಲಿ ಸರಿಯಿತ್ತು. ಒಣದ್ರಾಕ್ಷಿ, ಹೊಗೆಸೊಪ್ಪು ಎಂದೆಲ್ಲ ಗೆಳೆಯ ಹೇಳುತ್ತಿದ್ದ. ಇವಳನ್ನು ಕೇಳಿದ್ದಕ್ಕೆ, “ಕೊಬ್ಬರಿ ಡಬ್ಬಿ ಮುಚ್ಚಳ ತೆಗೆದ ಹಾಗಿದೆ” ಎಂದಳು. ಅವನು ದಂಗಾದ. ರಿಯೋಹಾದಲ್ಲಿ ಹಿಂದಿನಿಂದಲೂ ಅಮೆರಿಕದ ಓಕ್ ಪೀಪಾಯಿ ಜಾಸ್ತಿ. ಆ ಮರ ವೈನಿಗೆ ಕೊಡುವುದು ಕೊಬ್ಬರಿಯ, ವೆನಿಲಾದ ವಾಸನೆಯನ್ನೇ.

ಮರುದಿನ ಒಂದು ಹಳೆಯ ನೆಲಮಾಳಿಗೆ ನೋಡಲು ಹೋದೆವು. ಹಿಂದಿನ ದಿನದ ಅವಮಾನ ಇನ್ನೂ ಆರಿರಲಿಲ್ಲ. ಕೊಟ್ಟ ಮೊದಲ ಗ್ಲಾಸಿಗೇ ನಾನು ಗಂಭೀರವಾಗಿ “ಕೋರ್ಚೊ” ಎಂದೆ. ಅಲ್ಲಿನ ಹೆಂಗಸು ಮೂಸಿದರು. ಇನ್ನೊಬ್ಬರನ್ನು ಕರೆದು ಮೂಸಿಸಿದರು. ಆಮೇಲೆ ಮೆತ್ತಗೆ, ನನ್ನ ಹಿಂದಿದ್ದ ಗೋಡೆ ತೋರಿಸಿದರು. ಅಂಗೈ ದಪ್ಪ ಬೂಷ್ಟು. ನಾನು ವಾಸನೆ ಹಿಡಿದದ್ದು ಗೋಡೆಯದ್ದು.

ಹರೊದ ಕೆಲವು ಹಳೆಯ ನೆಲಮಾಳಿಗೆಗಳಲ್ಲಿ ಜೇಡರ ಬಲೆಯನ್ನೂ ತೆಗೆಯುವುದಿಲ್ಲ. ಬಿರಡೆ ಕೊರೆಯುವ ಪತಂಗಗಳನ್ನು ಜೇಡ ತಿನ್ನುತ್ತದಂತೆ. ಈ ಪ್ರವಾಸದಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದ ಮಾಹಿತಿ ಇದೊಂದೇ. ಬೆಂಗಳೂರಿಗೆ ಬಂದ ಮೇಲೆ ಲಾಫ್ಟ್ ಗುಡಿಸಲು ಹೇಳಿದಾಗಲೆಲ್ಲ ಬಳಸುತ್ತೇನೆ.

ಬರುವಾಗ ಎರಡು ಬಾಟಲಿ ತಂದೆವು. ಎರಡು ಲೀಟರಿನವರೆಗೆ ಕಸ್ಟಮ್ಸ್ ಸುಂಕವಿಲ್ಲ. ಮೊದಲನೆಯದನ್ನು ತೆರೆದದ್ದು ಬಾಮೈದ ಊಟಕ್ಕೆ ಬಂದಾಗ. ಅವನಿಗೆ ವೈನು ಗೊತ್ತು. ಅಂದರೆ ಗ್ಲಾಸಿನ ಕಾಲು ಹಿಡಿಯುವುದು ಗೊತ್ತು. ನಾನು ಅಡುಗೆಮನೆಯಲ್ಲಿ ಸ್ಕ್ರೂ ತಿರುಗಿಸಿ ಎಳೆದೆ. ಅರ್ಧ ಬಿರಡೆ ಕೈಗೆ ಬಂತು. ಉಳಿದರ್ಧ ಪುಡಿಪುಡಿಯಾಗಿ ಒಳಗೆ ಬಿತ್ತು. ಹಳೆಯ ಬಿರಡೆಯ ಹಣೆಬರಹ ಅಷ್ಟೇ. ಹಾಗಂತ ಬಿರಡೆ ಪುಡಿಯಾದ ಮಾತ್ರಕ್ಕೆ ವೈನು ಕೆಟ್ಟಿತೆಂದಲ್ಲ. ಇದನ್ನೂ ಈಗ ಕಲಿತಿದ್ದೇನೆ. ಸೋಸಿದರಾಯಿತು. ಟೀ ಜರಡಿಯ ತೂತು ದೊಡ್ಡದಾಯಿತು. ಪಕ್ಕದಲ್ಲೇ ತೊಳೆದಿಟ್ಟ ಕಾಫಿ ಫಿಲ್ಟರ್ ಕಂಡಿತು. ಸ್ವಲ್ಪ ಹೊತ್ತು ಹಿಡಿಯಿತು, ಆದರೆ ವೈನು ತಿಳಿಯಾಗಿ ಇಳಿಯಿತು.

ಮೊದಲ ತೀರ್ಥ ಇವಳಿಗೇ ಕೊಟ್ಟೆ. ಮೂಸಿದಳು. ಫಿಲ್ಟರ್ ನೋಡಿದಳು. ನನ್ನನ್ನು ನೋಡಿದಳು. “ಮುಗ್ಗಲು ಇಲ್ಲ, ತಗೊಂಡು ಹೋಗಿ” ಎಂದಳು ಅಷ್ಟೇ.

ಬಾಮೈದ ಗ್ಲಾಸನ್ನು ತಿರುಗಿಸಿದ, ಬೆಳಕಿಗೆ ಹಿಡಿದ, ಮೂಗು ಇಳಿಸಿದ. ಕಣ್ಣರಳಿತು.

“ಭಾವ, ಅದ್ಭುತ. ಹುರಿದ ಕಾಫಿ ಬೀಜದ ಪರಿಮಳ! ಪೀಪಾಯಿ ಒಳಗೆ ಸುಟ್ಟಿರ್ತಾರಲ್ಲ, ಅದರದ್ದು. ಒಳ್ಳೇ ವೈನಿಗೆ ಮಾತ್ರ ಬರೋದು ಇದು.”

ನಾನು ಹೌದು ಹೌದು ಎಂದು ತಲೆ ಆಡಿಸಿದೆ. ಅಡುಗೆಮನೆಯಿಂದ ಇವಳ ದನಿ ಬಂತು:

“ಚಿಕೋರಿ ಎಷ್ಟು ಪರ್ಸೆಂಟು ಅಂತಲೂ ಹೇಳ್ತಾನಾ ಕೇಳ್ರಿ.”